ಹಳೇ ಕಂಪ್ಯೂಟರ್‌ನಲ್ಲಿ ಅರ್ಧಕ್ಕರ್ಧ ಡಿಸ್ಕ್ ತೆರೆಯುತ್ತಿಲ್ಲ: ಡ್ರೈವ್ ಹೋಯ್ತಾ, ಡಿಸ್ಕ್ ಹೋಯ್ತಾ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್ ಒಂದಿದೆ. ಡಿವಿಡಿ ರೈಟರ್ ಅದರ ಜೊತೆಗೇ ಬಂದದ್ದು. ಒಂದು ಡಬ್ಬಿ ತುಂಬ ಸಿಡಿ, ಡಿವಿಡಿ ಇವೆ. ಫೋಟೊ, ಕಾಗದಪತ್ರಗಳ ಸ್ಕ್ಯಾನ್, ಒಂದಿಷ್ಟು ಹಾಡು. ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ಹಾಕಿಬಿಡೋಣ ಅಂತ ಕೂತರೆ ಅರ್ಧಕ್ಕರ್ಧ ತೆರೆಯುತ್ತಲೇ ಇಲ್ಲ.

ಡಿಸ್ಕ್ ಹಾಕಿದರೆ ತಿರುಗುವ ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ "ಇನ್‌ಕರೆಕ್ಟ್ ಫಂಕ್ಷನ್" ಅನ್ನುತ್ತದೆ. ಕೆಲವಕ್ಕೆ, ಡಿಸ್ಕ್ ಒಳಗೇ ಇದ್ದರೂ, "ಡಿಸ್ಕ್ ಹಾಕಿ" ಅಂತ ಕೇಳುತ್ತದೆ. ಒಂದು ಸಿಡಿ ತೆರೆಯುತ್ತದೆ, ಆದರೆ ಒಳಗೆ ಏನೂ ಇಲ್ಲ. ಅಡಿಭಾಗದಲ್ಲಿ ಬರೆದಿರುವ ಗುರುತು ಮಾತ್ರ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಸಿಡಿ ತೆರೆದು ಕಾಪಿ ಶುರುವಾದರೆ ಮೌಸ್ ಕೂಡ ಎಳೆದೆಳೆದು ಓಡುತ್ತದೆ. ಡ್ರೈವ್ ಬದಲಿಸಬೇಕಾ, ಅಥವಾ ಡಿಸ್ಕ್‌ಗಳೇ ಸತ್ತಿವೆಯಾ?

ಹಳೆಪೆಟ್ಟಿಗೆ:
ನೀವು ಹೇಳಿದ್ದು ಒಂದೇ ತೊಂದರೆ ಅಲ್ಲ ಅನಿಸುತ್ತದೆ. ಮೂರೋ ನಾಲ್ಕೋ ಬೇರೆ ಬೇರೆ ತೊಂದರೆ ಒಂದೇ ಡಬ್ಬಿಯಲ್ಲಿ ಸೇರಿವೆ. ಅದಕ್ಕೇ ಯಾವುದನ್ನೂ ಬಿಚ್ಚುವ ಮೊದಲು ಡಿಸ್ಕ್‌ಗಳನ್ನು ಬೇರೆ ಬೇರೆ ಗುಂಪು ಮಾಡಿ.

ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್‌ಗಳ ಅಡಿಭಾಗ ಬೆಳ್ಳಿಯಂತೆ ಹೊಳೆಯುತ್ತದೆ. ನಾವು ಬರೆದವು ಹಸಿರು, ನೀಲಿ, ನೇರಳೆ ಛಾಯೆಯವು. ಒಂದು ಅಚ್ಚಿನ ಸಿಡಿ, ಒಂದು ಅಚ್ಚಿನ ಡಿವಿಡಿ, ನೀವೇ ಬರೆದ ಒಂದು ಸಿಡಿ, ನೀವೇ ಬರೆದ ಒಂದು ಡಿವಿಡಿ. ಈ ನಾಲ್ಕನ್ನೂ ಹಾಕಿ ನೋಡಿ, ಯಾವುದು ತೆರೆಯಿತು ಅಂತ ಬರೆಯಿರಿ. ತೆರೆಯದ ಡಿಸ್ಕ್‌ಗಳನ್ನು ಬೇರೆ ಯಾವುದಾದರೂ ಕಂಪ್ಯೂಟರ್‌ನಲ್ಲೂ ಹಾಕಿ ನೋಡಿ.

ಯಾಕೆ ಅಂದರೆ, ಡಿವಿಡಿ ಡ್ರೈವ್‌ನಲ್ಲಿ ಇರುವುದು ಎರಡು ಬಗೆಯ ಬೆಳಕು. ಸಿಡಿ ಓದಲು 780 ನ್ಯಾನೊಮೀಟರ್‌ನ ಇನ್‌ಫ್ರಾರೆಡ್, ಡಿವಿಡಿ ಓದಲು 650 ನ್ಯಾನೊಮೀಟರ್‌ನ ಕೆಂಪು. ಒಂದು ಸೊರಗಿದರೂ ಇನ್ನೊಂದು ಚೆನ್ನಾಗಿರಬಹುದು. ಸಿಡಿ ಎಲ್ಲ ಓದಿ ಡಿವಿಡಿ ಒಂದೂ ಓದದಿದ್ದರೆ ಡಿಸ್ಕ್‌ಗಳನ್ನು ಬೈಯಬೇಕಾಗಿಲ್ಲ. ಅಚ್ಚಿನವು ಓದಿ, ಬರೆದವು ಮಾತ್ರ ಓದದಿದ್ದರೆ ಅದು ಬೇರೆ ಕಥೆ. ಬರೆದ ಡಿಸ್ಕ್ ಬೆಳಕನ್ನು ಕಡಿಮೆ ವಾಪಸ್ ಕೊಡುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ಅಂತೂ ಇನ್ನೂ ಕಡಿಮೆ, ಸುಮಾರು 15ರಿಂದ 25 ಶೇಕಡಾ ಅಷ್ಟೇ. ಡ್ರೈವ್ ಸ್ವಲ್ಪ ಸೊರಗಿದರೆ ಮೊದಲು ಕೈ ಕೊಡುವುದು ಅವೇ.

ಸುಮ್ನೆ ಓದುವವ:
ಲೆನ್ಸ್ ಕ್ಲೀನರ್ ಡಿಸ್ಕ್ ಅಂತ ಬ್ರಷ್ ಇರುವುದು ಸಿಗುತ್ತಲ್ವಾ? ಅದನ್ನೊಮ್ಮೆ ಓಡಿಸಿದರೆ ಮುಗೀತು.

ಹಳೆಪೆಟ್ಟಿಗೆ:
ಸಡಿಲ ಧೂಳಿದ್ದರೆ ಅದು ಕೆಲಸ ಮಾಡುತ್ತದೆ. ಅಂಟಿಕೊಂಡ ಜಿಡ್ಡಿಗೆ ಏನೂ ಆಗಲ್ಲ. ಇನ್ನೊಂದು ವಿಷಯ: ಆ ಡಿಸ್ಕ್ ಅನ್ನೂ ಡ್ರೈವ್ ಮೊದಲು ಗುರುತಿಸಿ ತಿರುಗಿಸಬೇಕು. ಗುರುತಿಸಲು ಆಗದ ಡ್ರೈವ್ ಅದನ್ನು ಹಾಗೇ ಹೊರಗೆ ತಳ್ಳುತ್ತದೆ.

ಮಳೆಹನಿ:
ನೋಡಿದೆ. ಅಚ್ಚಿನ ಸಿಡಿ ಎಲ್ಲ ತೆರೆಯುತ್ತವೆ. ನಾವು ಬರೆದ ಸಿಡಿಗಳೂ ಹೆಚ್ಚಿನವು ತೆರೆಯುತ್ತವೆ, ಆ ಖಾಲಿ ಕಾಣುವುದು ಮತ್ತು ಎಳೆಯುವುದು ಬಿಟ್ಟು. ಡಿವಿಡಿ ಮಾತ್ರ ಒಂದೂ ಇಲ್ಲ. ಅಂಗಡಿಯಿಂದ ತಂದ ಸಿನಿಮಾ ಡಿವಿಡಿ ಕೂಡ ಇಲ್ಲ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಎರಡು ಬಿಟ್ಟು ಉಳಿದ ಡಿವಿಡಿ ಎಲ್ಲ ಆರಾಮಾಗಿ ತೆರೆದವು!

ಹಳೆಪೆಟ್ಟಿಗೆ:
ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಮ್ಮ ಡ್ರೈವ್‌ನ ಡಿವಿಡಿ ಕಡೆ ಸೊರಗಿದೆ. ಲೆನ್ಸ್ ಕೊಳೆಯಾಗಿರಬಹುದು, ಇಲ್ಲವೇ ಆ ಲೇಸರ್‌ನ ಆಯಸ್ಸು ಮುಗಿದಿರಬಹುದು. ಡಿವಿಡಿಯಲ್ಲಿ ಮಾಹಿತಿ ಬರೆದ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಸಿಡಿಯದ್ದು 1.6. ಅಂದರೆ ಲೆನ್ಸ್ ಮೇಲೆ ತೆಳ್ಳಗೆ ಮಂಜು ಕವಿದಂತೆ ಕೊಳೆ ಇದ್ದರೂ ಸಿಡಿ ಸುಧಾರಿಸಿಕೊಳ್ಳುತ್ತದೆ, ಡಿವಿಡಿಗೆ ಆಗುವುದಿಲ್ಲ. ಅದಕ್ಕೇ ಒಮ್ಮೆ ಲೆನ್ಸ್ ಒರೆಸಿ ನೋಡಬಹುದು.

ಲ್ಯಾಪ್‌ಟಾಪ್ ಡ್ರೈವ್ ಆಗಿದ್ದರೆ ಸುಲಭ, ಟ್ರೇ ಎಳೆದರೆ ಲೆನ್ಸ್ ಕಣ್ಣೆದುರೇ ಇರುತ್ತದೆ. ಡೆಸ್ಕ್‌ಟಾಪ್ ಡ್ರೈವ್ ಬಿಚ್ಚಬೇಕು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಡ್ರೈವ್ ಹೊರಗೆ ತೆಗೆಯಿರಿ. ಮುಂಭಾಗದ ಪುಟ್ಟ ತೂತಿಗೆ ಪೇಪರ್ ಕ್ಲಿಪ್ ನೇರ ಮಾಡಿ ತೂರಿಸಿದರೆ ಟ್ರೇ ಸ್ವಲ್ಪ ಹೊರಗೆ ಬರುತ್ತದೆ, ಉಳಿದದ್ದನ್ನು ಕೈಯಲ್ಲಿ ಎಳೆಯಿರಿ. ಅಡಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಕ್ರೂ. ಲೆನ್ಸ್ ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಯರ್ ಬಡ್ ತೇವ ಮಾಡಿ, ಹಿಂಡಿ, ಮೆಲ್ಲಗೆ ಒಂದು ಸುತ್ತು ಒರೆಸಿ. ತೊಟ್ಟಿಕ್ಕುವಷ್ಟು ಬೇಡ. ಒಣಗಿದ ಮೇಲೆ ಒಣ ಬಡ್‌ನಿಂದ ಇನ್ನೊಮ್ಮೆ. ಅಸಿಟೋನ್, ನೈಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಲೆನ್ಸ್ ಮಬ್ಬಾಗಿಬಿಡುತ್ತದೆ. ಮುಚ್ಚಳ ತೆರೆದಿಟ್ಟು ಡ್ರೈವ್‌ಗೆ ಕರೆಂಟ್ ಕೊಡಲೇಬೇಡಿ. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಕಣ್ಣು ಹಾಳು ಮಾಡುತ್ತದೆ.

ಲೆನ್ಸ್ ಪಕ್ಕದಲ್ಲಿ ಪುಟ್ಟ ತಿರುಪು ಕಾಣಿಸಬಹುದು. ಅದನ್ನು ತಿರುಗಿಸಿ ಲೇಸರ್‌ನ ಶಕ್ತಿ ಹೆಚ್ಚಿಸಿ ಅಂತ ಹೇಳುವವರು ಇದ್ದಾರೆ. ಕೇಳಬೇಡಿ. ಸೊರಗಿದ ಲೇಸರ್‌ಗೆ ಹೆಚ್ಚು ಕರೆಂಟ್ ಹರಿಸಿದರೆ ಅದು ಬೇಗ ಸುಟ್ಟುಹೋಗುತ್ತದೆ, ಅಷ್ಟರೊಳಗೆ ಒಂದೆರಡು ಡಿಸ್ಕ್ ಓದಿದರೆ ಪುಣ್ಯ.

ತಿರುಪುಳಿ:
ನನ್ನ ಮಾತು ಸ್ವಲ್ಪ ಬೇರೆ. ಇಷ್ಟೆಲ್ಲ ಕಸರತ್ತು ಯಾಕೆ? ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿವೆ ಅಂದಮೇಲೆ ಅಲ್ಲೇ ಕಾಪಿ ಮಾಡಿ ಮುಗಿಸಿ. ಡಿಸ್ಕ್‌ನಲ್ಲಿರುವುದು ಮುಖ್ಯ, ಡ್ರೈವ್ ಅಲ್ಲ. ಹಳೇ ಕಂಪ್ಯೂಟರ್‌ನಲ್ಲೇ ಓದಬೇಕು ಅಂದರೆ ಯುಎಸ್‌ಬಿ ಡಿವಿಡಿ ಡ್ರೈವ್ ಹಾಕಿ. ಎಕ್ಸ್‌ಪಿಗೆ ಅದಕ್ಕೆ ಬೇರೆ ಡ್ರೈವರ್ ಬೇಡ, ತಾನೇ ಗುರುತಿಸುತ್ತದೆ.

ಎರಡು ವಿಷಯ ನೆನಪಿರಲಿ. ಒಂದು, ಡ್ರೈವ್ ಅನ್ನು ಕಂಪ್ಯೂಟರ್‌ನ ಹಿಂಭಾಗದ ಯುಎಸ್‌ಬಿಗೆ ಚುಚ್ಚಿ. ಮುಂಭಾಗದ್ದು ಉದ್ದ ತೆಳು ವೈರಿನ ಮೇಲೆ ಬರುತ್ತದೆ. ಯುಎಸ್‌ಬಿ 2.0 ಕೊಡುವುದೇ 500 ಮಿಲಿಆಂಪ್, ಡಿಸ್ಕ್ ವೇಗ ಹಿಡಿಯುವಾಗ ಅದೂ ಸಾಲದೆ ಹೋಗಬಹುದು. ಆಗ ಟಿಕ್ ಟಿಕ್ ಅನ್ನುತ್ತದೆ, ಡಿಸ್ಕ್ ಮಾತ್ರ ತೆರೆಯಲ್ಲ. ಜನ ಡಿಸ್ಕ್ ಹಾಳು ಅಂದುಕೊಳ್ಳುತ್ತಾರೆ. ಎರಡು ಪ್ಲಗ್ ಇರುವ ವೈ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಇನ್ನೊಂದು, ತೀರಾ ಹಳೇ ಕಂಪ್ಯೂಟರ್ ಆಗಿದ್ದು ಯುಎಸ್‌ಬಿ 1.1 ಇದ್ದರೆ ಒಂದು ಪೂರ್ತಿ ಡಿವಿಡಿ ಕಾಪಿಗೆ ಗಂಟೆಗಟ್ಟಲೆ ಕಾಯಬೇಕು.

ಹಳೆಪೆಟ್ಟಿಗೆ:
ಕಾಪಿ ವಿಷಯದಲ್ಲಿ ತಿರುಪುಳಿಯವರ ಮಾತು ಸರಿ. ಲ್ಯಾಪ್‌ಟಾಪ್‌ನಲ್ಲಿ ತೆರೆದವನ್ನು ಇವತ್ತೇ ಕಾಪಿ ಮಾಡಿಬಿಡಿ. ಡ್ರೈವ್ ರಿಪೇರಿ ಆಮೇಲೆ, ಪುರುಸೊತ್ತಾದಾಗ.

ಕೊನೆಯ ಸೆಷನ್:
ನಾನು ಆ ಖಾಲಿ ಕಾಣುವ ಸಿಡಿ ಬಗ್ಗೆ ಹೇಳುತ್ತೇನೆ. ಅದು ಹಾಳಾಗಿರುವ ಸಾಧ್ಯತೆ ಕಡಿಮೆ.

ಆಗೆಲ್ಲ ಸಿಡಿಗೆ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೆವು. ಇವತ್ತು ಒಂದಿಷ್ಟು ಫೋಟೊ, ಮುಂದಿನ ತಿಂಗಳು ಇನ್ನೊಂದಿಷ್ಟು. ಪ್ರತಿ ಸಲ ಬರೆದದ್ದು ಒಂದೊಂದು ಸೆಷನ್. ಪ್ರತಿ ಸೆಷನ್‌ಗೂ ತನ್ನದೇ ಫೈಲ್ ಪಟ್ಟಿ ಇರುತ್ತದೆ. ವಿಂಡೋಸ್ ನೋಡುವುದು ಕೊನೆಯ ಪಟ್ಟಿಯನ್ನು ಮಾತ್ರ. ಬರೆಯುವ ಸಾಫ್ಟ್‌ವೇರ್ ಹಳೆಯ ಪಟ್ಟಿಯನ್ನು ಹೊಸದಕ್ಕೆ ಸೇರಿಸದೇ ಬಿಟ್ಟಿದ್ದರೆ ಹಳೇ ಫೈಲ್‌ಗಳು ಡಿಸ್ಕ್ ಮೇಲೆ ಇದ್ದೇ ಇರುತ್ತವೆ, ನಮಗೆ ಕಾಣಲ್ಲ ಅಷ್ಟೇ. ಐಸೊಬಸ್ಟರ್‌ನಂಥ ಸಾಫ್ಟ್‌ವೇರ್ ಹಾಕಿದರೆ ಪ್ರತಿ ಸೆಷನ್ ಬೇರೆ ಬೇರೆಯಾಗಿ ಕಾಣಿಸುತ್ತದೆ.

ಎರಡನೇ ಸಾಧ್ಯತೆ, ಸೆಷನ್ ಮುಚ್ಚದೇ ಉಳಿದಿರುವುದು. ಬರೆಯುತ್ತಿರುವಾಗ ಕರೆಂಟ್ ಹೋಯಿತು, ಅಥವಾ ಸಾಫ್ಟ್‌ವೇರ್ ಅರ್ಧಕ್ಕೆ ನಿಂತಿತು ಅನ್ನಿ. ಆಗ ಪಟ್ಟಿಯೇ ಬರೆದಿರುವುದಿಲ್ಲ. ಬರೀ ಓದುವ ಡ್ರೈವ್‌ಗಳಿಗೆ ಇಂಥ ಡಿಸ್ಕ್ ಇದ್ದೂ ಇಲ್ಲದ ಹಾಗೆ. ಬರೆಯಬಲ್ಲ ಡ್ರೈವ್‌ನಲ್ಲಿ ಹಾಕಿ ನೋಡಬೇಕು, ಸಾಧ್ಯವಾದರೆ ಅದನ್ನು ಬರೆದ ಡ್ರೈವ್‌ನಲ್ಲೇ. ಒಂದು ಎಚ್ಚರ: ಎಕ್ಸ್‌ಪಿ ಇಂಥದ್ದನ್ನು ಖಾಲಿ ಸಿಡಿ ಅಂತ ತಿಳಿದು ಬರೆಯಲು ಸಿದ್ಧವಾಗಬಹುದು. ಏನನ್ನೂ ಎಳೆದು ಹಾಕಬೇಡಿ.

ಮೂರನೆಯದು ಪ್ಯಾಕೆಟ್ ರೈಟಿಂಗ್. ಡೈರೆಕ್ಟ್‌ಸಿಡಿ, ಇನ್‌ಸಿಡಿ ಅಂತ ಸಾಫ್ಟ್‌ವೇರ್ ಇದ್ದವು, ನೆನಪಿದೆಯಾ? ಸಿಡಿಯನ್ನು ಫ್ಲಾಪಿ ತರಹ ಬಳಸಲು ಬಿಡುತ್ತಿದ್ದವು. ಅವು ಸಿಡಿಯಲ್ಲಿ ಫೈಲ್ ಜೋಡಿಸುವ ಮಾಮೂಲಿ ಕ್ರಮವಾದ ಐಎಸ್‌ಒ 9660 ಬಿಟ್ಟು, ಯುಡಿಎಫ್ ಅನ್ನುವ ಬೇರೆ ಕ್ರಮದಲ್ಲಿ ಬರೆಯುತ್ತಿದ್ದವು. ಎಕ್ಸ್‌ಪಿ ಯುಡಿಎಫ್ 2.01ರವರೆಗೆ ಮಾತ್ರ ಓದುತ್ತದೆ. 2.50 ಬೇಕಾದರೆ ವಿಸ್ಟಾ ಅಥವಾ ಅದಕ್ಕಿಂತ ಹೊಸದು ಬೇಕು. ಹೊಸ ಕಂಪ್ಯೂಟರ್‌ನಲ್ಲಿ ಬರೆದ ಡಿಸ್ಕ್ ಹಳೆಯದರಲ್ಲಿ ತೆರೆಯದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಮ್ಯಾಕ್‌ನಲ್ಲಿ ಬರೆದ ಡಿಸ್ಕ್ ಏನಾದರೂ ಸೇರಿದೆಯಾ ಅಂತಲೂ ನೋಡಿ. ಬರೀ ಮ್ಯಾಕ್‌ನದೇ ಕ್ರಮವಾದ ಎಚ್‌ಎಫ್‌ಎಸ್‌ನಲ್ಲಿದ್ದರೆ ವಿಂಡೋಸ್ ಅದರ ಕಡೆ ತಿರುಗಿಯೂ ನೋಡಲ್ಲ.

ಗೀಚುಗೆರೆ:
ಗೀರು ಬಿದ್ದ ಸಿಡಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಸರಿಹೋಗುತ್ತೆ ಅಂತಾರಲ್ಲ, ನಿಜವಾ? ನನ್ನ ಹತ್ತಿರ ಒಂದು ರಾಶಿ ಇವೆ.

ಬೆಳ್ಳಿಬಿಲ್ಲೆ:
ಕೆಲವಕ್ಕೆ ನಿಜ. ಆದರೆ ಎಲ್ಲಿ ಗೀರು, ಯಾವ ದಿಕ್ಕಿಗೆ ಗೀರು ಅಂತ ಮೊದಲು ನೋಡಬೇಕು.

ಸಿಡಿಯನ್ನು ಅಡಿಯಿಂದ ನೋಡಿದರೆ 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್. ಅದರ ಮೇಲೆ ಬರೆದ ಪದರ, ಅದರ ಮೇಲೆ ತೆಳುವಾದ ಲೋಹ, ಆಮೇಲೆ ಬರೀ ಒಂದು ಮೆರುಗೆಣ್ಣೆ ಮತ್ತು ಲೇಬಲ್. ಅಂದರೆ ಮಾಹಿತಿ ಇರುವುದು ಲೇಬಲ್‌ಗೆ ಅಂಟಿಕೊಂಡ ಹಾಗೆ. ನಾವೆಲ್ಲ ಹೊಳೆಯುವ ಕಡೆಯನ್ನು ಜೋಪಾನ ಮಾಡಿ ಲೇಬಲ್ ಕಡೆಯನ್ನು ಮೇಜಿನ ಮೇಲೆ ಉಜ್ಜುತ್ತಿದ್ದೆವು, ಉಲ್ಟಾ! ಲೇಬಲ್ ಕಡೆ ಗೀರು ಬಿದ್ದು ಲೋಹ ಎದ್ದುಹೋಗಿದ್ದರೆ ಯಾವ ಪೇಸ್ಟೂ ಅದನ್ನು ಮರಳಿ ತರಲ್ಲ. ಬೆಳಕಿಗೆ ಹಿಡಿದು ನೋಡಿ. ಆರಪಾರ ಸೂಜಿ ತೂತಿನ ಹಾಗೆ ಬೆಳಕು ಬಂದರೆ ಅಷ್ಟು ಜಾಗ ಹೋದಂತೆ. ಡಿವಿಡಿ ಈ ವಿಷಯದಲ್ಲಿ ವಾಸಿ, 0.6 ಮಿಲಿಮೀಟರ್‌ನ ಎರಡು ಹಾಳೆ ಅಂಟಿಸಿ ಮಾಹಿತಿಯನ್ನು ನಡುವೆ ಇಟ್ಟಿರುತ್ತಾರೆ.

ಅಡಿಭಾಗದ ಗೀರಿನಲ್ಲೂ ವ್ಯತ್ಯಾಸ ಇದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲಿ ಚೂರೇ ಚೂರು ಕೆಡಿಸುತ್ತದೆ. ಸಿಡಿಯ ತಪ್ಪು ತಿದ್ದುವ ಲೆಕ್ಕಾಚಾರ ಗೆರೆಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ಕೊರತೆ ತುಂಬಿಕೊಳ್ಳಬಲ್ಲದು. ಸುತ್ತಿನ ಗುಂಟ ಬಿದ್ದ ಗೀರು ಆ ಮಿತಿ ದಾಟಿಬಿಡುತ್ತದೆ. ಅದಕ್ಕೇ ಒರೆಸುವಾಗ ನಡುವಿನಿಂದ ಅಂಚಿಗೆ, ಸುತ್ತು ಸುತ್ತಾಗಿ ಬೇಡ.

ಗೀರು ನಡುವಿನ ತೂತಿನ ಹತ್ತಿರ ಇದ್ದರೆ ಪೂರ್ತಿ ಡಿಸ್ಕೇ ತೆರೆಯದಿರಬಹುದು. ಡ್ರೈವ್ ಓದಲು ಶುರು ಮಾಡುವುದೇ ಒಳಗಿನಿಂದ, ಡಿಸ್ಕ್‌ನ ಪಟ್ಟಿ ಇರುವುದೂ ಅಲ್ಲೇ. ಅಂಚಿನ ಗೀರಿನಿಂದ ಒಂದೆರಡು ಫೈಲ್ ಮಾತ್ರ ಹೋಗುತ್ತವೆ.

ಪೇಸ್ಟ್ ವಿಷಯ: ಮೊದಲು ಬರೀ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಎಷ್ಟೋ ಡಿಸ್ಕ್ ಅಷ್ಟಕ್ಕೇ ತೆರೆಯುತ್ತವೆ, ಗೀರು ಅಂದುಕೊಂಡದ್ದು ಬೆರಳಿನ ಜಿಡ್ಡಾಗಿರುತ್ತದೆ. ಪಾಲಿಶ್ ಕೊನೆಯ ಉಪಾಯ, ಅದೂ ಬಿಳಿ ಪೇಸ್ಟ್, ಜೆಲ್ ಅಲ್ಲ. ಮುಖ್ಯವಾದ ಡಿಸ್ಕ್ ಮೇಲೆ ಪ್ರಯೋಗ ಬೇಡ. ನಡುವಿನ ತೂತಿನ ಬಳಿ ಬಿರುಕು ಬಿಟ್ಟ ಡಿಸ್ಕ್ ಇದ್ದರೆ ವೇಗದ ಡ್ರೈವ್‌ಗೆ ಹಾಕಲೇಬೇಡಿ. 52 ಎಕ್ಸ್ ಡ್ರೈವ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಒಳಗೇ ಸಿಡಿದು ಚೂರಾಗಬಹುದು.

ತಡರಾತ್ರಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ವಿಂಡೋಸ್ 7 ಇರುವ ಹಳೇ ಲ್ಯಾಪ್‌ಟಾಪ್. ಸಿಡಿ ಬರೆಯುವ ಒಂದು ಸಾಫ್ಟ್‌ವೇರ್ ತೆಗೆದುಹಾಕಿದ ಮೇಲೆ ಡಿವಿಡಿ ಡ್ರೈವೇ ಮಾಯ. ಟ್ರೇ ತೆರೆಯುತ್ತೆ, ಲೈಟ್ ಉರಿಯುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 39.

ಕೊನೆಯ ಸೆಷನ್:
ಇದಕ್ಕೆ ಡ್ರೈವ್ ಮುಟ್ಟುವ ಅಗತ್ಯವೇ ಇಲ್ಲ. ಆ ಸಾಫ್ಟ್‌ವೇರ್ ಡ್ರೈವ್ ಮತ್ತು ವಿಂಡೋಸ್ ನಡುವೆ ತನ್ನದೊಂದು ಫಿಲ್ಟರ್ ಕೂರಿಸಿತ್ತು. ಹೋಗುವಾಗ ಫೈಲ್ ತೆಗೆದುಕೊಂಡು ಹೋಯಿತು, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಹೆಸರು ಬಿಟ್ಟುಹೋಯಿತು. ವಿಂಡೋಸ್ ಇಲ್ಲದ ಫೈಲ್‌ಗಾಗಿ ಹುಡುಕುತ್ತಾ ಡ್ರೈವ್ ಅನ್ನೇ ಶುರು ಮಾಡುತ್ತಿಲ್ಲ.

ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ರಿಜಿಸ್ಟ್ರಿ ಎಡಿಟರ್ ತೆರೆದು, ಲೋಕಲ್ ಮೆಷಿನ್ ಒಳಗೆ ಸಿಸ್ಟಮ್, ಅದರೊಳಗೆ ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಅಂತ ಇಳಿಯಿರಿ. ಅಲ್ಲಿ 4ಡಿ36ಇ965 ಅಂತ ಶುರುವಾಗುವ ಉದ್ದ ಹೆಸರಿನ ಫೋಲ್ಡರ್ ಇದೆ. ಬಲಗಡೆ ಸಿಡಿರಾಮ್ ಅಂತ ಬರೆದಿದೆಯಾ ಅಂತ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಅದರ ಅಕ್ಕಪಕ್ಕ ನೋಡಲು ಹಾಗೇ ಇರುವ ಬೇರೆ ಫೋಲ್ಡರ್‌ಗಳು ಇವೆ. ಬಲಗಡೆಯಲ್ಲೇ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅಂತ ಇದ್ದರೆ ಆ ಫೋಲ್ಡರನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಆ ಎರಡನ್ನು ಅಳಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕೋಡ್ 19, 31, 32, 39, 41 ಬಂದಾಗಲೂ ಇದನ್ನು ಮಾಡಿ ನೋಡಬಹುದು. ಬೇರೆ ಬರೆಯುವ ಸಾಫ್ಟ್‌ವೇರ್ ಇದ್ದರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು.

ತಡರಾತ್ರಿ:
ಬಂತು!! ತುಂಬಾ ಥ್ಯಾಂಕ್ಸ್ ಸರ್. ಹೊಸ ಡ್ರೈವ್ ಆರ್ಡರ್ ಮಾಡುವುದರಲ್ಲಿದ್ದೆ.

ತಿರುಪುಳಿ:
ಮಳೆಹನಿ ಅವರೇ, ಕಾಪಿ ಮಾಡುವಾಗ ಮೌಸ್ ಎಳೆಯುತ್ತದೆ ಅಂದಿರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ಇದು ಎಕ್ಸ್‌ಪಿಯ ಹಳೇ ಚಾಳಿ. ಅಗಲ ಪಟ್ಟಿ ಕೇಬಲ್‌ನ ಐಡಿಇ ಡ್ರೈವ್ ಇದ್ದರೆ ಎಕ್ಸ್‌ಪಿ ಓದುವಾಗಿನ ತಪ್ಪುಗಳನ್ನು ಎಣಿಸುತ್ತದೆ. ಆರು ತಪ್ಪಾದರೆ ಡೇಟಾ ನೇರವಾಗಿ ಮೆಮೊರಿಗೆ ಹೋಗುವ ವೇಗದ ಡಿಎಂಎ ಬಿಟ್ಟು ನಿಧಾನದ ಪಿಐಒ ಮೋಡ್‌ಗೆ ಇಳಿಯುತ್ತದೆ. ಆಮೇಲೆ ಪ್ರತಿ ಬೈಟನ್ನೂ ಪ್ರೊಸೆಸರೇ ಹೊತ್ತು ಹಾಕಬೇಕು. ಒಂದು ಗೀರಿನ ಡಿಸ್ಕ್ ಹಾಕಿದರೆ ಸಾಕು ಹೀಗಾಗಲು, ಮತ್ತೆ ಒಳ್ಳೇ ಡಿಸ್ಕ್ ಹಾಕಿದರೂ ತಾನಾಗಿ ಮೇಲೆ ಬರಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಸೆಕೆಂಡರಿ ಐಡಿಇ ಚಾನೆಲ್ ತೆರೆದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. ಕರೆಂಟ್ ಟ್ರಾನ್ಸ್‌ಫರ್ ಮೋಡ್ ಪಿಐಒ ಅಂತಿದ್ದರೆ ಆ ಚಾನೆಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎ ಕೊಡುತ್ತದೆ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಕೇಬಲ್ ಬದಲಿಸಿ.

ಹಾಗೇ, ಕಂಪ್ಯೂಟರ್ ಆನ್ ಮಾಡಿದಾಗ ತಾರೀಖು ಹಳೆಯದಾಗಿರುತ್ತದಾ? ಆಗಿದ್ದರೆ ಮದರ್‌ಬೋರ್ಡ್‌ನ ಬಟನ್ ಬ್ಯಾಟರಿ ಮುಗಿದಿದೆ, ಹೆಚ್ಚಿನವರಲ್ಲಿ ಸಿಆರ್2032. ಕಂಪ್ಯೂಟರ್ ಶುರುವಾಗುವಾಗ ನೋಡುವ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ ಕೆಲವು ಸಲ ಡ್ರೈವ್ ಕಾಣದೇ ಹೋಗುವುದೂ ಅದರಿಂದಲೇ.

ಮಳೆಹನಿ:
ಪಿಐಒ ಅಂತಲೇ ಇತ್ತು! ಚಾನೆಲ್ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಮೌಸ್ ಸರಿಯಾಗಿದೆ, ಆ ಸಿಡಿಯೂ ಕಾಪಿ ಆಯಿತು, ನಾಲ್ಕೈದು ಫೋಟೊ ಬಿಟ್ಟು. ಅವಕ್ಕೆ "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಬಂತು.

ಖಾಲಿ ಕಾಣುತ್ತಿದ್ದ ಸಿಡಿಯಲ್ಲಿ ಮೂರು ಸೆಷನ್ ಇದ್ದವು. ಮೊದಲ ಎರಡರಲ್ಲಿ ಎಲ್ಲ ಫೋಟೊ ಇವೆ. ಲೆನ್ಸ್ ಒರೆಸಿದ ಮೇಲೆ ಅಚ್ಚಿನ ಡಿವಿಡಿ ತೆರೆಯುತ್ತಿವೆ, ನಾವು ಬರೆದವು ಇನ್ನೂ ಇಲ್ಲ. ಪರವಾಗಿಲ್ಲ, ಅವೆಲ್ಲ ಲ್ಯಾಪ್‌ಟಾಪ್‌ನಿಂದ ಹಾರ್ಡ್‌ಡಿಸ್ಕ್‌ಗೆ ಬಂದಾಯಿತು. ಉಳಿದದ್ದು ಲ್ಯಾಪ್‌ಟಾಪ್‌ನಲ್ಲೂ ತೆರೆಯದ ಆ ಎರಡು ಡಿವಿಡಿ. ಒಂದರ ಅಂಚಿನಲ್ಲಿ ನೇರಳೆ ಬಣ್ಣ ಮಾಸಿದೆ. ಇನ್ನೊಂದರ ಮೇಲೆ ಕಾಗದದ ಲೇಬಲ್ ಅಂಟಿಸಿದೆ, ಅದು ಅರ್ಧ ಎದ್ದಿದೆ.

ಸುಮ್ನೆ ಓದುವವ:
ಸಿನಿಮಾ ಡಿವಿಡಿ ತೆರೆಯಿತು ಅಂದಿರಿ. ಪ್ಲೇ ಆಗುತ್ತಾ? ನಮ್ಮ ಎಕ್ಸ್‌ಪಿಯಲ್ಲಿ ಫೈಲ್ ಕಾಣುತ್ತವೆ, ಚಿತ್ರ ಬರಲ್ಲ.

ಕೊನೆಯ ಸೆಷನ್:
ಫೈಲ್ ಕಂಡರೆ ಡ್ರೈವ್, ಡಿಸ್ಕ್ ಎರಡೂ ಸರಿ ಇವೆ. ಎಕ್ಸ್‌ಪಿಯಲ್ಲಿ ಡಿವಿಡಿ ಸಿನಿಮಾದ ಎಂಪೆಗ್-2 ಬಿಡಿಸುವ ಡಿಕೋಡರ್ ಇಲ್ಲ. ವಿಎಲ್‌ಸಿ ಹಾಕಿಕೊಳ್ಳಿ, ಅದರಲ್ಲಿ ಒಳಗೇ ಇದೆ. ಡ್ರೈವ್ ರೀಜನ್, ಅಂದರೆ ಯಾವ ದೇಶಗಳ ಸಿನಿಮಾ ಡಿವಿಡಿ ಓಡಿಸಬೇಕು ಅನ್ನುವ ಸೆಟ್ಟಿಂಗ್, ಬದಲಿಸಬೇಕಾ ಅಂತ ಕೇಳಿದರೆ ಹುಷಾರು, ಐದು ಸಲ ಮಾತ್ರ ಅವಕಾಶ, ಕೊನೆಯದು ಅಲ್ಲೇ ನಿಂತುಬಿಡುತ್ತದೆ. ಹಾಡಿನ ಸಿಡಿಯಲ್ಲಿ ಕಾಣುವ ಸಿಡಿಎ ಫೈಲ್ ಕೂಡ ಹಾಗೇ ಮೋಸ. ಅದು 44 ಬೈಟ್‌ನ ಗುರುತು ಅಷ್ಟೇ, ಕಾಪಿ ಮಾಡಿದರೆ ಹಾಡು ಬರಲ್ಲ. ರಿಪ್ ಮಾಡಬೇಕು, ಅಂದರೆ ಸಾಫ್ಟ್‌ವೇರ್‌ನಿಂದ ಹಾಡನ್ನು ಓದಿಸಿ ಫೈಲ್ ಮಾಡಿಕೊಳ್ಳಬೇಕು.

ಬೆಳ್ಳಿಬಿಲ್ಲೆ:
ಮಳೆಹನಿ, ಆ ಎದ್ದಿರುವ ಲೇಬಲ್ ಕೀಳಬೇಡಿ. ಸಿಡಿ ಆಗಿದ್ದರೆ ಲೋಹವೂ ಜೊತೆಗೇ ಕಿತ್ತು ಬರುತ್ತಿತ್ತು. ಡಿವಿಡಿಯಲ್ಲಿ ಅಷ್ಟು ಭಯ ಇಲ್ಲ, ಆದರೂ ಎಳೆಯುವಾಗ ಡಿಸ್ಕ್ ಬಾಗಿದರೆ ಅಂಟಿಸಿದ ಎರಡು ಹಾಳೆ ಬಿಡಬಹುದು. ಎದ್ದ ತುದಿಯನ್ನು ಒತ್ತಿ ಕೂರಿಸಿ. ಲೇಬಲ್ ಒಂದು ಕಡೆ ಭಾರವಾದರೆ ಡಿಸ್ಕ್ ಓಲಾಡುತ್ತದೆ, ಅದಕ್ಕೇ ಕಡಿಮೆ ವೇಗದಲ್ಲಿ ಓದಿಸಬೇಕು.

ಎರಡಕ್ಕೂ ಡಿಡಿರೆಸ್ಕ್ಯೂ ಬಳಸಿ, ಕೆಟ್ಟ ಡಿಸ್ಕ್‌ನಿಂದ ಆದಷ್ಟು ಡೇಟಾ ಎತ್ತುವ ಸಾಫ್ಟ್‌ವೇರ್ ಅದು. ಲ್ಯಾಪ್‌ಟಾಪ್ ಅನ್ನು ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್‌ನಿಂದ ಶುರು ಮಾಡಿದರೆ ಸಾಕು. ವಿಂಡೋಸ್ ಒಂದು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತದೆ. ಇದು ಹಾಗಲ್ಲ, ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದದ್ದನ್ನೆಲ್ಲ ಎತ್ತಿಕೊಂಡು, ಬಾರದ ಜಾಗಗಳನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟು ಮುಂದೆ ಹೋಗುತ್ತದೆ. ಬ್ಲಾಕ್ ಅಳತೆ 2048 ಅಂತ ಕೊಡಿ, ಡಿಸ್ಕ್‌ನ ಒಂದು ಸೆಕ್ಟರ್ ಅಷ್ಟೇ. ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಗಳಿಗೆ ಮಾತ್ರ ಮರುಪ್ರಯತ್ನ ಕೊಡಿ. ಹೊರಗೆ ಬರುವುದು ಒಂದು ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕ್‌ನ ನಕಲು. ಆಮೇಲೆ ಫೋಟೊ ಹುಡುಕುವುದೆಲ್ಲ ಅದರ ಮೇಲೆ, ಡಿಸ್ಕ್ ಮುಟ್ಟುವುದೇ ಬೇಡ.

ಬಣ್ಣ ಮಾಸಿದ್ದು ಅಂಚಿನಲ್ಲಾದರೆ ಒಳಗಿನ ಭಾಗ ಬರುವ ಸಾಧ್ಯತೆ ಇದೆ. ಆದರೆ ಡಿಸ್ಕ್ ಇದೆ ಅಂತ ಡ್ರೈವ್ ಗುರುತಿಸಲೇಬೇಕು. ಗುರುತಿಸದಿದ್ದರೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾಗದು.

ಮಳೆಹನಿ:
ಲೇಬಲ್ ಇರುವುದು ಪೂರ್ತಿ ಬಂತು! ನಿಧಾನಕ್ಕೆ, ರಾತ್ರಿಯಿಡೀ ಓಡಿತು. ಬಣ್ಣ ಮಾಸಿದ್ದು ಮುಕ್ಕಾಲು ಬಂದಿದೆ, ಉಳಿದದ್ದು ಎಷ್ಟು ಓಡಿಸಿದರೂ ಬರುತ್ತಿಲ್ಲ. ಇಲ್ಲಿಗೆ ಬಿಟ್ಟುಬಿಡಲಾ?

ಬೆಳ್ಳಿಬಿಲ್ಲೆ:
ಮ್ಯಾಪ್ ಫೈಲ್ ಅಳಿಸಬೇಡಿ. ಬೇರೆ ಕಂಪನಿಯ ಯುಎಸ್‌ಬಿ ಡ್ರೈವ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಅದೇ ಐಎಸ್‌ಒ, ಅದೇ ಮ್ಯಾಪ್ ಕೊಟ್ಟು ಓಡಿಸಿದರೆ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಒಂದು ಡ್ರೈವ್‌ಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. ನಿಮ್ಮ ಹಳೇ ಡೆಸ್ಕ್‌ಟಾಪ್‌ನ ಡ್ರೈವ್‌ನಲ್ಲಿ ಮಾತ್ರ ಬೇಡ, ಬರೆದ ಡಿವಿಡಿ ಅದಕ್ಕೆ ಒಗ್ಗುತ್ತಿಲ್ಲವಲ್ಲ.

ತಿರುಪುಳಿ:
ಆ ಡ್ರೈವ್ ಬಿಸಾಡಲೂ ಬೇಡಿ. ಸಿಡಿ ಚೆನ್ನಾಗಿ ಓದುತ್ತಿದೆ, ಗೀಚುಗೆರೆಯವರ ರಾಶಿಗೆ ಉಪಯೋಗ ಆದೀತು.